ಕೇಳದೆ ಹಿಡಿದ ಸಾಣೆ

"ಸಾಣೆ ಹಿಡಿದು ಕೊಡ್ತೀರಾ?"

ತಲೆ ಎತ್ತುವ ಮೊದಲೇ ಲೆಸ್ಯಾಗೆ ದನಿ ಯಾರದೆಂದು ತಿಳಿಯಿತು. ಕೈಯಲ್ಲಿದ್ದ ಸ್ಕೇಟು ಓರೆಯಾಗಿ ಕಲ್ಲಿಗೆ ತಾಗಿ ಕಿಡಿ ಹಾರಿತು. ಅವಳು ಯಂತ್ರ ಆರಿಸಿದಳು. ಸಾಣೆಕಲ್ಲು ಪೂರ್ತಿ ನಿಲ್ಲಲು ಅರ್ಧ ನಿಮಿಷವಾದರೂ ಬೇಕು. ಅಷ್ಟು ಹೊತ್ತೂ ಅವಳು ಕಲ್ಲನ್ನೇ ನೋಡುತ್ತ ನಿಂತಳು.

ಮೂರು ಚಳಿಗಾಲ ಕಳೆದಿತ್ತು. ಅಂಗಡಿಯ ಕಟ್ಟೆಯ ಆಚೆ ರೀಸ್ ಹಾಲ್ವರ್ಸನ್ ನಿಂತಿದ್ದ. ಮೊದಲಿಗಿಂತ ಭುಜ ಅಗಲವಾಗಿತ್ತು, ಮುಖ ಸೊರಗಿತ್ತು. ಎಡಗಾಲಿಗೆ ಭಾರ ಬೀಳದ ಹಾಗೆ ಕಟ್ಟೆಗೆ ಒರಗಿದ್ದ.

ಕೊಡ್ತೀರಾ... ಅಂದನಲ್ಲ! ಒಂದು ಕಾಲದಲ್ಲಿ ಬಾಗಿಲಲ್ಲೇ ನಿಂತು "ಲೆಸ್ಯಾ, ಬೇಗ ಕೊಡೇ, ಕೋಚು ಕೂಗ್ತಿದ್ದಾನೆ" ಅನ್ನುತ್ತಿದ್ದವನು. ಈಗ ಬಹುವಚನ. ಬೈದಿದ್ದರೆ ಎಷ್ಟೋ ವಾಸಿ ಇತ್ತು ಎಂದು ಅವಳಿಗೆ ಅನ್ನಿಸಿತು.

"ದೊಡ್ಡವರ ತಂಡದಲ್ಲಿ ಒಬ್ಬ ಕಮ್ಮಿ ಇದ್ದಾನಂತೆ. ಶನಿವಾರ ಮಧ್ಯಾಹ್ನ ಆಡ್ತೀನಿ," ಎಂದು ಅವನು ಹೊಸ ಜೊತೆ ಸ್ಕೇಟು ಕಟ್ಟೆಯ ಮೇಲಿಟ್ಟ. "ಆವತ್ತು ಎರಡನೇ ವಿರಾಮದಲ್ಲಿ ಹಿಡಿದು ಕೊಟ್ರಲ್ಲ, ಅದೇ ಥರ ಬೇಕು. ಆರು ಊರಲ್ಲಿ ಕೇಳ್ದೆ. ಯಾರ ಕೈಯಲ್ಲೂ ಆಗ್ಲಿಲ್ಲ."

"ಯಾವತ್ತು?" ಎಂದಳು, ಗೊತ್ತಿದ್ದೂ.

"ನಾನು ಕೊನೇ ಸಲ ಆಡಿದ ದಿನ."

ಅವನ ಕಣ್ಣು ಒಮ್ಮೆ ಗೋಡೆಯ ಬಲಗಡೆಗೆ ಹೋಗಿ ಬಂತು. ಅಲ್ಲಿ ಫೋಟೊಗಳ ನಡುವೆ ಒಂದು ಖಾಲಿ ಜಾಗವಿತ್ತು. ನಾಲ್ಕು ಮೂಲೆಗೆ ನಾಲ್ಕು ಪಿನ್ನಿನ ತೂತು. ಅವನು ಹೊರಟುಹೋದ.

ಆ ಗೋಡೆಯ ವಿಷಯ ಇಲ್ಲಿ ಹೇಳಲೇಬೇಕು. ಡೊಬ್ರಾದವರಿಗೆ ಚರ್ಚಿನ ಗೋಡೆಗಿಂತ ಆ ಗೋಡೆ ದೊಡ್ಡದು. ಗೋಧಿ ಹೊಲದ ನಡುವಿನ ಊರು, ಐದು ತಿಂಗಳು ಹಿಮ, ಐಸ್ ಹಾಕಿ ಆಡುವುದು ಬಿಟ್ಟರೆ ಮಾಡಲು ಬೇರೆ ಕೆಲಸವಿಲ್ಲ. ಮಂಜಿನ ಅಂಕಣವಿರುವ ರಿಂಕಿನ ಬಾಗಿಲ ಪಕ್ಕದ ಸಾಣೆ ಅಂಗಡಿಯಲ್ಲಿ ಲೆಸ್ಯಾಳ ಅಪ್ಪ ಸ್ಟೆಫಾನ್ ಕುಜಿಕ್ ಆ ಗೋಡೆಯನ್ನು ಶುರು ಮಾಡಿದ್ದ. ಎಡಗಡೆ, ಆಡಿ ಹೆಸರು ಮಾಡಿ ಮುಗಿಸಿದವರು. ಅವರಿಗೆ ಗಾಜಿನ ಚೌಕಟ್ಟು. ಬಲಗಡೆ, ಇನ್ನೂ ಮೇಲೆ ಬರುತ್ತಿರುವ ಹುಡುಗರು. ಅವರಿಗೆ ನಾಲ್ಕು ಪಿನ್ನು. ಚೆನ್ನಾಗಿ ಆಡಿದರೆ ಮುಂದೊಂದು ದಿನ ಚೌಕಟ್ಟು, ಇಲ್ಲವಾದರೆ ಪಿನ್ನು ಕಿತ್ತು ಕಸದ ಬುಟ್ಟಿ. "ನಿಮ್ಮ ಹುಡುಗ ಪಿನ್ನಿಗೆ ಬಂದನಂತೆ" ಎಂದರೆ ತಾಯಂದಿರು ಊರಿಗೆಲ್ಲ ಪಿರೊಗಿ ಕಡುಬು ಹಂಚುತ್ತಿದ್ದರು. ಪಿನ್ನು ಕಿತ್ತ ದಿನ ಆ ಮನೆಯ ಕಡೆ ಯಾರೂ ತಿರುಗಿಯೂ ನೋಡುತ್ತಿರಲಿಲ್ಲ. ನಮ್ಮವರ ಪ್ರೀತಿ ಇಂಥದ್ದು.

ಚೌಕಟ್ಟುಗಳ ನಡುವೆ ಎಲ್ಲಕ್ಕಿಂತ ದೊಡ್ಡದು ವಾಸಿಲ್ ಡೊರೊಶ್‌ನದು, ಹದಿನಾರನೇ ನಂಬರಿನ ಅಂಗಿಯಲ್ಲಿ. ಐವತ್ತು ವರ್ಷದ ಹಿಂದೆ ಡೊಬ್ರಾದಿಂದ ದೊಡ್ಡ ಲೀಗಿಗೆ ಹೋದ ಒಬ್ಬನೇ ಒಬ್ಬ. ಅವನ ಸ್ಕೇಟಿಗೆ ಸಾಣೆ ಹಿಡಿದವನು ಸ್ಟೆಫಾನ್. ತಡವಾಗಿ ಹುಟ್ಟಿದ ಒಬ್ಬಳೇ ಮಗಳಿಗೆ ಅವನು ಹಾಲೂಡಿಸುವಾಗಲೂ ಡೊರೊಶ್‌ನ ಗೋಲುಗಳನ್ನೇ ಹೇಳುತ್ತಿದ್ದನಂತೆ. ಡೊರೊಶ್ ಆಡಿದ ಏಳು ನಿಮಿಷದ ಹಳೆಯ ರೀಲು ಒಂದಿತ್ತು. ಲೆಸ್ಯಾ ಅದನ್ನು ಎಷ್ಟು ಸಲ ನೋಡಿದ್ದಳೋ ಅವಳಿಗೇ ಲೆಕ್ಕ ತಪ್ಪಿತ್ತು. ಒಂಬತ್ತನೇ ವಯಸ್ಸಿನಲ್ಲಿ ಚರ್ಚಿನಲ್ಲಿ ಎದ್ದು ನಿಂತು, ಪಾದ್ರಿ ಹೇಳಿದ ಡೊರೊಶ್‌ನ ಗೋಲುಗಳ ಸಂಖ್ಯೆ ತಪ್ಪೆಂದು ತಿದ್ದಿದವಳು ಅವಳು.

ಹಳಬರಷ್ಟೇ ಅಲ್ಲ, ಸುತ್ತಲಿನ ನಲವತ್ತು ಊರಿನ ಹದಿನಾರು ವರ್ಷದ ಹುಡುಗರೆಲ್ಲ ಅವಳ ನಾಲಿಗೆ ತುದಿಯಲ್ಲಿದ್ದರು. ಯಾರ ಮಣಿಕಟ್ಟು ಗಟ್ಟಿ, ಯಾರು ಎಡಕ್ಕೆ ತಿರುಗಲು ಹೆದರುತ್ತಾನೆ, ಎಲ್ಲ ಗೊತ್ತು. ಯಾರು ಮಂಜಿನ ಮೇಲೆ ಕಾಲಿಟ್ಟರೂ ಅವಳಿಗೆ ಮೊದಲು ಹೊಳೆಯುತ್ತಿದ್ದ ಪ್ರಶ್ನೆ ಒಂದೇ. ಇವನು ಯಾರ ಹಾಗಿದ್ದಾನೆ?

ರೀಸ್ ಅವಳಿಗೆ ಡೊರೊಶ್‌ನ ಹಾಗೆ ಕಂಡ.

ಇಪ್ಪತ್ತು ವರ್ಷದ ಹುಡುಗ, ಬೇರೆ ಊರಿನಿಂದ ಬಂದು ಡೊಬ್ರಾ ಬುಲ್ಸ್ ತಂಡಕ್ಕೆ ಸೇರಿದ್ದ. ಅವನು ಬರುವ ಹೊತ್ತಿಗೆ ಸ್ಟೆಫಾನ್ ತೀರಿಕೊಂಡು, ಯಂತ್ರ ಲೆಸ್ಯಾಳ ಕೈಗೆ ಬಂದು ಒಂದು ವರ್ಷವಾಗಿತ್ತು. ರೀಸ್ ಅಭ್ಯಾಸ ಮುಗಿಸಿ ಅಂಗಡಿಯಲ್ಲೇ ಕುಳಿತುಬಿಡುತ್ತಿದ್ದ. ಅವಳು ತಂದ ಕಡುಬಿನಲ್ಲಿ ಅರ್ಧ ಅವನೇ ತಿನ್ನುತ್ತಿದ್ದ. ಡೊರೊಶ್ ಪುರಾಣವನ್ನು ಗಲ್ಲಕ್ಕೆ ಕೈಯಿಟ್ಟು ಕೇಳಿ, ಕೊನೆಗೆ ತಮಾಷೆ ಮಾಡುತ್ತಿದ್ದ.

"ನಾನು ಅವನಿಗಿಂತ ಚೆನ್ನಾಗಿದ್ದೀನಿ ಅಂತ ಒಂದ್ಸಲನಾದ್ರೂ ಹೇಳೇ."

"ಅವನ ಹಾಗೇ ತಿರುಗಿದ ದಿನ ಹೇಳ್ತೀನಿ," ಅನ್ನುತ್ತಿದ್ದಳು ಅವಳು.

ಅವನ ಫೋಟೊಗೆ ಪಿನ್ನು ಚುಚ್ಚಿದವಳು ಅವಳೇ. ಆ ದಿನ ಅವನು ಅವಳ ಬೆರಳಿನ ಕಪ್ಪನ್ನು ತನ್ನ ಅಂಗಿಯ ತುದಿಯಿಂದ ಒರೆಸಿದ್ದ. ಅಷ್ಟೇ. ಅಷ್ಟಕ್ಕೇ ಅವಳಿಗೆ ವಾರಪೂರ್ತಿ ಊಟ ಸೇರಿರಲಿಲ್ಲ.

ಆಮೇಲೆ ಆ ಕೊನೆಯ ಪಂದ್ಯ ಬಂತು. ದೊಡ್ಡ ಲೀಗಿನವರು ರೀಸ್‌ನನ್ನು ನೋಡಲೆಂದೇ ಒಬ್ಬನನ್ನು ಕಳಿಸಿದ್ದರು. ಬೆಳಿಗ್ಗೆ ರೀಸ್ ಅಂಗಡಿಗೆ ಬಂದು, "ಮ್ಯಾಚ್ ಆದ್ಮೇಲೆ ಇಲ್ಲೇ ಇರು. ಒಂದು ಮಾತು ಹೇಳೋದಿದೆ," ಅಂದಿದ್ದ. ಕಿವಿ ಕೆಂಪಾಗಿತ್ತು. ಅವಳದೂ.

ಎರಡನೇ ಅವಧಿಯ ಕೊನೆಯಲ್ಲಿ ಅವನ ಅಲಗು ಗೋಲಿನ ಕಂಬಕ್ಕೆ ಬಡಿದು ಮೊಂಡಾಯಿತು. ವಿರಾಮದಲ್ಲಿ ಸ್ಕೇಟು ಅವಳ ಕೈಗೆ ಬಂತು. ಇದ್ದದ್ದು ಹತ್ತು ನಿಮಿಷ.

ಸ್ಕೇಟಿನ ಅಲಗಿನ ಅಡಿಯಲ್ಲಿ ಉದ್ದಕ್ಕೂ ಒಂದು ಸಣ್ಣ ತೋಡು ಇರುತ್ತದೆ. ಅದು ಆಳವಾದರೆ ಅಲಗು ಮಂಜನ್ನು ಕಚ್ಚುತ್ತದೆ, ತೆಳುವಾದರೆ ಜಾರುತ್ತದೆ. ರೀಸ್ ಯಾವಾಗಲೂ ತೆಳು ತೋಡಿನ ಮೇಲೆ ಆಡಿದವನು. ಡೊರೊಶ್‌ನದು ಬಹಳ ಆಳ. ಅಂಥ ಆಳವನ್ನು ಕೂರಿಸುವ ಗುಟ್ಟು ಸ್ಟೆಫಾನ್ ಮಗಳೊಬ್ಬಳಿಗೇ ಕಲಿಸಿ ಹೋಗಿದ್ದ.

ಒಂದೇ ಒಂದು ಅವಧಿ... ಒಂದೇ ಒಂದು ಸಲ... ಡೊರೊಶ್ ಮತ್ತೆ ತಿರುಗುವುದನ್ನು ನನ್ನ ಕಣ್ಣಾರೆ ನೋಡಿದರೆ ಸಾಕು.

ಅವಳು ಕಲ್ಲನ್ನು ಡೊರೊಶ್‌ನ ಆಳಕ್ಕೆ ಕೂರಿಸಿದಳು. ರೀಸ್‌ಗೆ ಒಂದು ಮಾತೂ ಹೇಳಲಿಲ್ಲ. ಅವನೂ ಕೇಳಲಿಲ್ಲ, ಅವಳ ಕೈಯಿಂದ ಬಂದದ್ದನ್ನು ಕಟ್ಟಿಕೊಂಡು ಓಡಿದ.

ಮೂರನೇ ಅವಧಿ ಶುರುವಾಗಿ ಎರಡು ನಿಮಿಷಕ್ಕೆ ಚೆಂಡಿನ ಬದಲು ಆಡುವ ಕಪ್ಪು ಬಿಲ್ಲೆ ಅವನ ಕೋಲಿಗೆ ಸಿಕ್ಕಿತು. ಅವನು ಎಡಕ್ಕೆ ವಾಲಿ ತಿರುಗಿದ. ಅಲಗು ಮಂಜನ್ನು ಕಚ್ಚಿ ಹಿಡಿಯಿತು, ಎದುರಿನ ಇಬ್ಬರು ಅವನನ್ನು ದಾಟಿ ಮುಂದೆ ಹೋಗಿಬಿಟ್ಟರು, ಬಿಲ್ಲೆ ಬಲೆಯಲ್ಲಿತ್ತು. ಇಡೀ ರಿಂಕು ಎದ್ದು ನಿಂತಿತು. ಮುದುಕರು "ಡೊರೊಶ್, ಡೊರೊಶ್" ಎಂದು ಅಳತೊಡಗಿದರು. ಅಂಗಡಿಯ ಕಿಟಕಿಯಲ್ಲಿ ಲೆಸ್ಯಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು. ಅಷ್ಟು ಸಂತೋಷ ಅವಳಿಗೆ ಅದುವರೆಗೆ ಆಗಿರಲಿಲ್ಲ. ಆ ಸಂತೋಷಕ್ಕಾಗಿ ಅವಳು ತನ್ನನ್ನು ಎಂದೂ ಮನ್ನಿಸಲಿಲ್ಲ.

ಮತ್ತೆ ಎರಡು ನಿಮಿಷಕ್ಕೆ ಅವನು ಅದೇ ರೀತಿ ತಿರುಗಿದ. ಈ ಸಲ ಅಲಗು ಕಚ್ಚಿದ್ದನ್ನು ಬಿಡಲಿಲ್ಲ. ಮೈ ತಿರುಗಿತು, ಮೊಣಕಾಲು ತಿರುಗಲಿಲ್ಲ. ಲಟಕ್ಕೆಂಬ ಸದ್ದು ಮೂರನೇ ಸಾಲಿನವರೆಗೂ ಕೇಳಿತು.

ಆಸ್ಪತ್ರೆಯಲ್ಲಿ ಬೂಟು ಕತ್ತರಿಸಿ ತೆಗೆದು ಎಸೆದರು. ಅಲಗನ್ನು ಯಾರೂ ನೋಡಲಿಲ್ಲ. ಊರು ತನ್ನ ತೀರ್ಪು ತಾನೇ ಕೊಟ್ಟಿತು. ಹುಡುಗನದು ಗಾಜಿನ ಕಾಲು, ನಾವು ಸುಮ್ಮನೆ ತಲೆ ಮೇಲೆ ಹೊತ್ತುಕೊಂಡೆವು ಎಂದರು. ಊರ ಬಾಗಿಲಲ್ಲಿ ಅವನ ಚಿತ್ರ ಬರೆಸಿದ್ದ ಹಲಗೆಗೆ ವಾರದೊಳಗೆ ಸುಣ್ಣ ಬಳಿದರು.

ಹನ್ನೆರಡನೇ ದಿನ ರೀಸ್ ಊರುಗೋಲಿನಲ್ಲಿ ಸಾಣೆ ಅಂಗಡಿಗೆ ಬಂದ. ಅಂಗಡಿಯಲ್ಲಿ ಯಾರೂ ಇರಲಿಲ್ಲ. ಹಿಂದಿನ ಕೋಣೆಯ ಹಳೆಯ ಯಂತ್ರ ಜೋರಾಗಿ ಕೂಗುತ್ತಿತ್ತು. ಅವನು ಎರಡು ಸಲ ಕರೆದ. ಗೋಡೆ ನೋಡಿದ. ತನ್ನ ಫೋಟೊ ಇದ್ದಲ್ಲಿ ನಾಲ್ಕು ತೂತು ಕಂಡಿತು. ಇವಳೂ ಊರಿನವಳೇ ಅಂದುಕೊಂಡು ಬಂದ ದಾರಿಯಲ್ಲೇ ಹಿಂತಿರುಗಿದ. ಆಮೇಲೆ ಪೊಟ್ಯಾಶ್ ಗಣಿಯಲ್ಲಿ ಕೆಲಸಕ್ಕೆ ಸೇರಿದನೆಂದು ಸುದ್ದಿ ಬಂತು.

ಈಗ ಮೂರು ಚಳಿಗಾಲದ ಮೇಲೆ ಬಂದು, ತನ್ನ ಕಾಲು ತಿಂದ ಅಲಗನ್ನೇ ಮತ್ತೆ ಕೊಡು ಅನ್ನುತ್ತಿದ್ದಾನೆ...

ತೆಳುವಾಗಿ ಹಿಡಿದು, ಅದೇ ಇದು ಎಂದು ಸುಳ್ಳು ಹೇಳಿಬಿಡಲೇ? ಮೊದಲ ಹೆಜ್ಜೆಗೇ ಅವನಿಗೆ ತಿಳಿದುಹೋಗುತ್ತದೆ. ಕೇಳಿದ್ದನ್ನೇ ಕೊಡಲೇ? ಹೊಲಿದ ಮೊಣಕಾಲು ಒಂದು ತಿರುವನ್ನೂ ತಾಳುವುದಿಲ್ಲ. ನಿಜ ಹೇಳಲೇ? ಹೇಳಿದ ಮರುಗಳಿಗೆಯಿಂದ ಅವನು ಅವಳ ಮುಖ ನೋಡುವುದಿಲ್ಲ. ಅಂಗಡಿ ರಿಂಕಿನ ಸಮಿತಿಯದು, ಅದೂ ಹೋಗುತ್ತದೆ. ಅಪ್ಪನ ಹೆಸರೂ ಹೋಗುತ್ತದೆ. ಶುಕ್ರವಾರ ಬೆಳಗಿನವರೆಗೂ ಅವಳು ಇದನ್ನೇ ತಿರುವಿ ಹಾಕಿದಳು.

ಶುಕ್ರವಾರ ಎಂದಿನಂತೆ, ಈಗ ಮುದುಕನಾದ ಡೊರೊಶ್ ಬಂದು ಅಂಗಡಿಯ ಮೂಲೆಯ ಕುರ್ಚಿಯಲ್ಲಿ ಕುಳಿತ. ಊರಿಗೆಲ್ಲ ಅವನು ಗೀದೊ, ಅಜ್ಜ. ಎರಡೂ ಮೊಣಕಾಲಿಗೆ ಉಕ್ಕು ಹಾಕಿಸಿಕೊಂಡಿದ್ದ. ತನ್ನದೇ ಫೋಟೊದ ಕೆಳಗೆ ಕುಳಿತು ಕಾಫಿ ಕುಡಿಯುವುದು ಅವನ ದಿನಚರಿ.

"ಗೀದೊ, ಒಂದು ಕೇಳ್ತೀನಿ. ಆ ಆಳದ ಸಾಣೆ ನಿನಗೆ ಅಷ್ಟು ಇಷ್ಟವಾಗಿತ್ತಾ?"

ಮುದುಕ ಲೋಟ ಕೆಳಗಿಟ್ಟ. "ಇಷ್ಟ? ಅದನ್ನ ಯಾರು ಕೇಳಿದ್ರು ಮಗಳೇ? ನಿಮ್ಮಪ್ಪನ ಕೈ ಒಂದು ದಿನ ತಪ್ಪಿ ಆಳ ಹೋಯ್ತು. ಆವತ್ತೇ ನಾನು ಮೂರು ಗೋಲು ಹೊಡೆದೆ. ಅಲ್ಲಿಂದ ಅವನು ಬೇರೆ ಥರ ಹಿಡೀಲೇ ಇಲ್ಲ."

"ನೀನು ಬೇಡ ಅನ್ನಬಹುದಿತ್ತಲ್ಲ?"

"ಜನ ಚಪ್ಪಾಳೆ ಹೊಡೀತಿದ್ರು. ಚಪ್ಪಾಳೆ ಹೊಡೆಯೋರಿಗೆ ಕಾಲು ನೋಯ್ತದೆ ಅಂತ ಹೇಳೋದು ಹೇಗೆ? ದೊಡ್ಡ ಲೀಗಲ್ಲಿ ಎರಡು ವರ್ಷಕ್ಕೆ ಮುಗಿದುಹೋದೆ. ಯಾಕೆ ಅಂದ್ಕೊಂಡಿದ್ದೆ?" ಅವನು ಮೊಣಕಾಲನ್ನು ಬೆರಳಿಂದ ಬಡಿದ. ಒಳಗಿನ ಉಕ್ಕು ಸದ್ದು ಮಾಡಲಿಲ್ಲ, ಆದರೂ ಅವಳು ಬೆಚ್ಚಿದಳು.

ಅಪ್ಪ ಈ ಮಾತನ್ನು ಅವಳಿಗೆ ಹೇಳಿರಲಿಲ್ಲ. ಅಪ್ಪನಿಗೆ ಗೊತ್ತಿತ್ತೋ ಇಲ್ಲವೋ, ಈಗ ಕೇಳುವ ಹಾಗೂ ಇರಲಿಲ್ಲ.

ಶನಿವಾರ ಹನ್ನೆರಡು ಗಂಟೆಗೆ ರೀಸ್ ಬಂದ. ಸ್ಕೇಟು ಅವನು ಇಟ್ಟಲ್ಲೇ ಇತ್ತು. ಬೆರಳಿನ ಉಗುರಿಗೆ ಅಲಗು ತಾಗಿಸಿ ನೋಡಿದ.

"ಹಿಡಿದಿಲ್ಲ ನೀವು."

"ಇಲ್ಲ. ಹಿಡಿಯಲ್ಲ." ಅವಳು ಕಟ್ಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ರೀಸ್, ನಿನ್ನ ಕಾಲು ಮುರಿದದ್ದು ಆ ಸಾಣೆನೇ. ನಿನ್ನದಲ್ಲ ಅದು, ಡೊರೊಶ್‌ದು. ನಾನೇ... ಬೇಕು ಅಂತಲೇ ಹಿಡಿದೆ. ನಿನಗೆ ಹೇಳ್ಲಿಲ್ಲ. ನೀನು ಅವನ ಹಾಗೆ ತಿರುಗೋದನ್ನ ನೋಡ್ಬೇಕಿತ್ತು ನನಗೆ."

ಉಳಿದದ್ದನ್ನೂ ಹೇಳಿದಳು. ತೋಡಿನ ಆಳ, ಹತ್ತು ನಿಮಿಷ, ಕಿಟಕಿಯಲ್ಲಿ ನಿಂತು ಪಟ್ಟ ಸಂತೋಷ... ಅದನ್ನೂ ಬಿಡಲಿಲ್ಲ. ಅವನು ಕೂಗುತ್ತಾನೆ, ಸ್ಕೇಟು ಎಸೆಯುತ್ತಾನೆ ಎಂದುಕೊಂಡಿದ್ದಳು. ಅವನು ಅಲಗನ್ನು ಬೆಳಕಿಗೆ ತಿರುಗಿಸಿದ.

"ಹಾಗಾದ್ರೆ ಆ ಗೋಲು?"

ಅವಳ ಕಣ್ಣು ಡೊರೊಶ್‌ನ ಚೌಕಟ್ಟಿಗೆ ಹೋಯಿತು.

"ಗಾಜಿನ ಕಾಲು ಅಂದ್ರು, ಸಹಿಸ್ಕೊಂಡೆ. ಸುಣ್ಣ ಬಳಿದ್ರು, ಸಹಿಸ್ಕೊಂಡೆ. ಯಾಕೆ ಗೊತ್ತಾ? ಆ ನಾಲ್ಕು ನಿಮಿಷ ನನ್ನದಿತ್ತು. ಗಣೀಲಿ ಒಂದು ಕಿಲೋಮೀಟರ್ ಕೆಳಗೆ ನಿಂತ್ಕೊಂಡು ದಿನಾ ಅದನ್ನೇ ನೆನೆಸ್ಕೊಳ್ತಿದ್ದೆ. ಕಾಲು ತಗೊಂಡೆ, ಹೋಗ್ಲಿ. ಈಗ ಅದನ್ನೂ ತಗೊಂಡೆಯಲ್ಲ." ಅವನ ದನಿ ಏರಲಿಲ್ಲ. "ನೀನು ನನ್ನ ನೋಡ್ಲೇ ಇಲ್ಲ ಲೆಸ್ಯಾ. ಒಂದು ದಿನವೂ ನೋಡ್ಲಿಲ್ಲ."

ಏಕವಚನ ಮರಳಿ ಬಂದಿತ್ತು. ಹೀಗೆ ಬರಬಾರದಿತ್ತು.

ಬಾಗಿಲ ಹತ್ತಿರ ಅವನು ನಿಂತ. "ನನಗೆ ಹೇಳಿ ನಿನಗೆ ಹಗುರ ಆಗಿರ್ಬೇಕು. ಈಗ ಅವರಿಗೂ ಹೇಳು," ಎಂದು ಆಗಲೇ ಪ್ರೇಕ್ಷಕರಿಂದ ತುಂಬುತ್ತಿದ್ದ ಮೆಟ್ಟಿಲುಗಳ ಕಡೆ ಗಲ್ಲ ತಿರುಗಿಸಿದ. ಇನ್ನೂ ಸಾಣೆ ಕಾಣದ ಆ ಮೊಂಡು ಸ್ಕೇಟನ್ನೇ ಹೆಗಲಿಗೆ ಹಾಕಿಕೊಂಡು ಹೋದ.

ಮೊಂಡು ಅಲಗಿನ ಮೇಲೆಯೇ ಆಡಿದ. ಅವನ ಕೋಲಿಗೆ ಬಿಲ್ಲೆ ತಾಗಿದಾಗಲೆಲ್ಲ ಮೂರನೇ ಸಾಲಿನವರು ಬಿಯರ್ ಕುಡಿದು ಖಾಲಿಯಾದ ಡಬ್ಬಿಗಳನ್ನು ಒಟ್ಟಿಗೆ ಹಿಸುಕಿದರು. ಲಟಕ್! ಮೊಣಕಾಲಿನ ಅದೇ ಸದ್ದು. ಮೊದಲು ಮೂರು ಡಬ್ಬಿ, ಆಮೇಲೆ ಮೂವತ್ತು, ಆಮೇಲೆ ಇಡೀ ಆ ಬದಿ. ನಕ್ಕವರಲ್ಲಿ ಆ ಗೋಲಿಗೆ ಅತ್ತಿದ್ದ ಮುದುಕರೂ ಇದ್ದರು. ರೀಸ್ ಎರಡು ಸಲ ಜಾರಿ ಬಿದ್ದ. ಎದ್ದು ಮತ್ತೆ ಆಡಿದ.

ಮೊದಲ ವಿರಾಮದಲ್ಲಿ ಲೆಸ್ಯಾ ಮೆಟ್ಟಿಲು ಹತ್ತಿ ಮೈಕಿನ ಕೋಣೆಗೆ ಹೋದಳು. ಗುಂಡಿ ಒತ್ತಿದಳು.

"ನಾನು ಸಾಣೆ ಅಂಗಡಿ ಲೆಸ್ಯಾ. ರೀಸ್ ಕಾಲು ಗಾಜಿನದ್ದಲ್ಲ. ಮೂರು ವರ್ಷದ ಹಿಂದೆ ಅವನಿಗೆ ತಿಳಿಸದೆ, ಡೊರೊಶ್‌ಗೆ ಹಿಡಿಯೋ ಸಾಣೆ ಅವನ ಅಲಗಿಗೆ ಹಿಡಿದೆ. ಅದಕ್ಕೇ ಬಿದ್ದ. ಕಾಲು ಮುರಿದವಳು ನಾನು. ಡಬ್ಬಿ ಹಿಸುಕೋದಾದ್ರೆ ನನ್ನ ನೋಡಿ ಹಿಸುಕಿ."

ಆಮೇಲೆ ಎಲ್ಲೋ ಒಂದು ಡಬ್ಬಿ ಲಟಕ್ಕೆಂದಿತು. ಕೆಳಗೆ ಇಳಿಯುವಾಗ ಬಿಸಿ ಕಾಫಿಯ ಲೋಟ ಅವಳ ಹೆಗಲಿಗೆ ಬಂದು ಬಡಿಯಿತು. ಅವಳು ಒರೆಸಿಕೊಳ್ಳಲಿಲ್ಲ.

ಎರಡನೇ ಅವಧಿಯಲ್ಲಿ ರೀಸ್ ಕಾಲಿಟ್ಟ ತಕ್ಷಣ ಊರು ಎದ್ದು ನಿಂತು ಚಪ್ಪಾಳೆ ಹೊಡೆಯಿತು. "ಪಾಪ" ಎಂದಿತು. ಡಬ್ಬಿಯ ಕೈಗಳೇ ಈಗ ಚಪ್ಪಾಳೆಯ ಕೈಗಳು. ರೀಸ್ ಒಂದು ನಿಮಿಷ ಆ ಜನರನ್ನು ನೋಡಿ, ಕೋಲನ್ನು ಗೋಡೆಗೆ ಒರಗಿಸಿಟ್ಟು ಹೊರಗೆ ನಡೆದ. ಮತ್ತೆ ಆ ಅಂಗಿ ತೊಡಲಿಲ್ಲ.

ಆಮೇಲಿನ ವಾರಗಳಲ್ಲಿ ಡೊಬ್ರಾ ತನಗೆ ಗೊತ್ತಿದ್ದ ಕೆಲಸ ಮಾಡಿತು. ಒಬ್ಬರೂ ಲೆಸ್ಯಾಳ ಕಟ್ಟೆಗೆ ಸ್ಕೇಟು ತರಲಿಲ್ಲ. ನಲವತ್ತು ಮೈಲಿ ಗಾಡಿ ಓಡಿಸಿಕೊಂಡು ಬೇರೆ ಊರಿಗೆ ಒಯ್ದರು. ಅವಳ ಅಂಗಡಿಯ ಬಾಗಿಲಿಗೆ ಹಿಸುಕಿದ ಡಬ್ಬಿಗಳನ್ನು ದಾರ ಕಟ್ಟಿ ನೇತುಹಾಕಿದರು. ಚರ್ಚಿನಲ್ಲಿ ಅವಳು ಕುಳಿತ ಬೆಂಚು ಖಾಲಿಯಾಗುತ್ತಿತ್ತು. ತಿಂಗಳ ಕೊನೆಗೆ ಅಂಗಡಿ ಬಿಡಬೇಕೆಂದು ಸಮಿತಿ ಚೀಟಿ ಕಳಿಸಿತು. ರೀಸ್‌ನ ಫೋಟೊಗೆ ಗಾಜಿನ ಚೌಕಟ್ಟು ಹಾಕಿಸುತ್ತೇವೆ ಎಂದೂ ತೀರ್ಮಾನ ಮಾಡಿತು. ಅವನು ಬೇಡವೆಂದು ಹೇಳಿ ಕಳಿಸಿದ.

ಬರುತ್ತಿದ್ದವನು ಡೊರೊಶ್ ಒಬ್ಬನೇ. ಒಂದು ದಿನ ಅವನು ತನ್ನ ಫೋಟೊ ತೋರಿಸಿ, "ನನ್ನ ಕೆಳಗಿಳಿಸು ಮಗಳೇ, ಐವತ್ತು ವರ್ಷ ಮೊಳೆಗೆ ನೇತಾಡಿ ಕುತ್ತಿಗೆ ನೋಯ್ತಿದೆ," ಎಂದ. ಅವಳು ಇಳಿಸಿಕೊಟ್ಟಳು. ಅವನು ಅದನ್ನು ಕಂಕುಳಲ್ಲಿಟ್ಟುಕೊಂಡು ಹೋದ.

ಲೆಸ್ಯಾ ಅಳಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಅಂಗಡಿ ಹೋಯಿತೆಂದು ಅಳಲಿಲ್ಲ. ನೀನು ನನ್ನ ನೋಡ್ಲೇ ಇಲ್ಲ... ಆ ಒಂದು ಮಾತು ಅನ್ನ ತಿನ್ನುವಾಗಲೂ ಬಂದು ಕೂರುತ್ತಿತ್ತು. ಅವಳು ನೆನೆಸಿಕೊಳ್ಳಲು ನೋಡಿದಳು. ರೀಸ್ ಯಾವ ಕೈಯಿಂದ ಕಡುಬು ತಿನ್ನುತ್ತಿದ್ದ? ನೆನಪಿರಲಿಲ್ಲ. ಡೊರೊಶ್ ಮೊದಲು ಯಾವ ಕಾಲಿನ ಬೂಟಿನ ದಾರ ಕಟ್ಟುತ್ತಿದ್ದನೆಂದು ಕೇಳಿದ್ದರೆ ನಿದ್ದೆಯಲ್ಲೂ ಹೇಳುತ್ತಿದ್ದಳು.

ಮಾರ್ಚ್ ಮುಗಿಯಿತು. ಮರುದಿನ ರಿಂಕಿನ ಮಂಜು ಕರಗಿಸುವವರಿದ್ದರು. ಮಧ್ಯಾಹ್ನದ ಬಿಸಿಲು ತಗಡಿನ ಸಂದಿಯಿಂದ ಖಾಲಿ ಅಂಕಣದ ಮೇಲೆ ಬಿದ್ದಿತ್ತು. ಲೆಸ್ಯಾ ಅಪ್ಪನ ಸಾಮಾನುಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದಳು.

ಬಾಗಿಲಿನ ಡಬ್ಬಿಗಳು ಸದ್ದು ಮಾಡಿದವು. ರೀಸ್ ಒಳಗೆ ಬಂದು ಸ್ಕೇಟು ಕಟ್ಟೆಯ ಮೇಲಿಟ್ಟ.

"ಫೋಟೊ ಎಲ್ಲಿ? ಕಸಕ್ಕೆ ಹಾಕಿದ್ಯಾ?"

ಅವಳು ಅಪ್ಪನ ಪೆಟ್ಟಿಗೆಯ ತಳದಿಂದ ತೆಗೆದು ಅವನ ಮುಂದೆ ಇಟ್ಟಳು. ನಾಲ್ಕು ಮೂಲೆಯಲ್ಲಿ ತೂತು. ಅಂಚು ಪೂರ್ತಿ ಕಪ್ಪು, ಸಾಣೆಯ ಪುಡಿ ಹತ್ತಿದ ಬೆರಳಿನಿಂದ ಮೂರು ವರ್ಷ ಹಿಡಿದು ಹಿಡಿದು ಆದ ಕಪ್ಪು.

"ನೀನು ಬಿದ್ದ ದಿನವೇ ತೆಗೆದೆ. ಗೋಡೆ ಮೇಲೆ ನೋಡೋಕೆ ಆಗ್ತಿರ್ಲಿಲ್ಲ. ನೋಡದೆ ಇರೋಕೂ ಆಗ್ಲಿಲ್ಲ."

ಅವನು ಫೋಟೊ ತಿರುಗಿಸಿ ನೋಡಿದ. "ನಾನು ಊರುಗೋಲು ಹಾಕ್ಕೊಂಡು ಬಂದಾಗ ಒಳಗೆ ಇದ್ಯಾ?"

"ಇದ್ದೆ. ಕರೆದದ್ದೂ ಕೇಳಿಸ್ತು. ಯಂತ್ರ ಜೋರು ಮಾಡ್ದೆ."

"ಊರಿನವರ ಹಾಗೆ ನೀನೂ ಕಿತ್ತು ಹಾಕಿದೆ ಅಂದ್ಕೊಂಡಿದ್ದೆ." ಅವನು ಉಸಿರು ಬಿಟ್ಟ. "ನಾನು ಕ್ಷಮಿಸಿಲ್ಲ ಲೆಸ್ಯಾ. ಬೆಳಿಗ್ಗೆ ಎದ್ದು ಕಾಲು ನೆಲಕ್ಕಿಟ್ಟ ಕೂಡ್ಲೇ ನಿನ್ನ ಬೈತೀನಿ. ಇನ್ನೂ ಎಷ್ಟು ದಿನ ಬೈತೀನೋ ಗೊತ್ತಿಲ್ಲ."

"ಬೈ. ಹತ್ತಿರ ಇದ್ದು ಬೈ. ನಾನು ಎಲ್ಲೂ ಅಡಗಿಕೊಳ್ಳಲ್ಲ." ಅವಳ ಕಣ್ಣು ತುಂಬಿ ಬಂತು. "ನಿನ್ನ ಪ್ರೀತಿಸ್ತಿದ್ದೆ ರೀಸ್. ಆದ್ರೆ ನಿನ್ನನ್ನ ಅಂತ ಪ್ರೀತಿಸೋದು ನನಗೆ ಬರ್ಲಿಲ್ಲ. ಈಗ್ಲೂ ಬರುತ್ತೋ ಇಲ್ವೋ. ಕಲೀತೀನಿ."

ಅವನು ಸ್ಕೇಟನ್ನು ಒಂದು ಗೇಣು ಅವಳ ಕಡೆ ಸರಿಸಿದ.

ಅವಳು ಪೆಟ್ಟಿಗೆಯಿಂದ ಕಲ್ಲನ್ನು ಹೊರಗೆ ತೆಗೆದು ಯಂತ್ರಕ್ಕೆ ಕೂರಿಸಿದಳು. ಕೈ ಹಳೆಯ ಅಭ್ಯಾಸಕ್ಕೆ ತಿರುಪಿನ ಮೇಲೆ ಹೋಯಿತು. ಅಲ್ಲೇ ನಿಂತಿತು.

"ನಿನಗೆ ಹೇಗೆ ಬೇಕು?"

ರೀಸ್ ಅವಳ ಮುಖ ನೋಡಿದ. ಐದು ವರ್ಷದ ಹುಡುಗನಾಗಿದ್ದಾಗಿನಿಂದ ಆಡಿದವನು. ಕೋಚುಗಳು, ಸಾಣೆಯವರು, ಅವನ ಅಪ್ಪ, ಎಲ್ಲರೂ ಕೊಟ್ಟದ್ದನ್ನು ಕಟ್ಟಿಕೊಂಡಿದ್ದ.

"ಗೊತ್ತಿಲ್ಲ," ಎಂದ. "ಯಾರೂ ಕೇಳಿರ್ಲಿಲ್ಲ."

ಅವಳು ತೀರಾ ತೆಳುವಾಗಿ ಹಿಡಿದು ಕೊಟ್ಟಳು. ಅವನು ಅಂಕಣಕ್ಕೆ ಇಳಿದು ಒಂದು ಸುತ್ತು ಬಂದು, ಜಾರ್ತಿದೆ ಎಂದ. ಸ್ವಲ್ಪ ಆಳ ಮಾಡಿದಳು. ಮತ್ತೊಂದು ಸುತ್ತು. ಎಡಗಾಲು ಹಿಡೀತಿದೆ ಎಂದ. ಎಡಗಾಲಿಗೇ ಬೇರೆ, ಬಲಗಾಲಿಗೇ ಬೇರೆ ಹಿಡಿದಳು. ಅಂಥ ಕೆಲಸ ಅವಳ ಅಪ್ಪ ನೋಡಿದ್ದರೆ ಬೈದು ಓಡಿಸುತ್ತಿದ್ದ. ಐದು ಸಲ ಹೀಗೆ ಹೋಗಿ ಬಂದ ಮೇಲೆ ಆರನೇ ಸಲ ಅವನು ಏನೂ ಹೇಳದೆ ಮುಂದೆ ಹೋದ.

ಲೆಸ್ಯಾ ಕಿಟಕಿ ಬಿಟ್ಟು ಅಂಕಣದ ಅಂಚಿಗೆ ಬಂದು ನಿಂತಳು. ಅವನು ಎಡಗಾಲನ್ನು ತುಸು ಎಳೆಯುತ್ತಿದ್ದ. ವೇಗವಿರಲಿಲ್ಲ. ತಿರುವಿನಲ್ಲಿ ಮೊದಲು ಬಲಭುಜ ಇಳಿಸಿ, ಒಂದು ಕ್ಷಣ ತಡೆದು, ಆಮೇಲೆ ಮೈ ಬಿಡುತ್ತಿದ್ದ. ತಡೆದ ಆ ಕ್ಷಣದಲ್ಲಿ ನಾಲಿಗೆಯ ತುದಿ ಹಲ್ಲಿನ ಮಧ್ಯೆ ಕಾಣುತ್ತಿತ್ತು. ಅದು ಮೊದಲೂ ಇದ್ದದ್ದೇ ಇರಬೇಕು. ಅವಳು ಈಗ ಕಂಡಳು.

ಅವನು ಬಂದು ಅವಳ ಎದುರಿನ ಹಲಗೆಯನ್ನು ಹಿಡಿದು ನಿಂತ. ಉಸಿರು ಹೊಗೆಯಾಗಿ ಬರುತ್ತಿತ್ತು. ನೋವಿಗೆ ತುಟಿ ಬಿಳಿಚಿತ್ತು.

"ಹೇಳು," ಎಂದ. "ಯಾರ ಹಾಗಿದ್ದೆ?"

"ಯಾರ ಹಾಗೂ ಇಲ್ಲ."

ಅವನು ಅವಳ ಕೈಯನ್ನು ಹಲಗೆಯ ಮೇಲಿಂದ ಎತ್ತಿಕೊಂಡು, ಬೆರಳಿನ ಕಪ್ಪನ್ನು ತನ್ನ ಅಂಗಿಯ ತುದಿಯಿಂದ ಒಂದೊಂದಾಗಿ ಒರೆಸಿದ.

"ಆವತ್ತು ಮ್ಯಾಚ್ ಆದ್ಮೇಲೆ ಒಂದು ಮಾತು ಹೇಳ್ತೀನಿ ಅಂದಿದ್ದೆ."

"ನೆನಪಿದೆ."

"ಇನ್ನೊಂದು ಸುತ್ತು ಹೋಗಿ ಬಂದು ಹೇಳ್ತೀನಿ. ನೋಡ್ತಿರು."

"ನೋಡ್ತಿದ್ದೀನಿ, ರೀಸ್."